ಹೊಟ್ಟೆಗೆ ಹಾಕಿಕೊಳ್ಳುವವರು ಯಾರು?

1908ರ ಫೆಬ್ರುವರಿ 10ರ ಬೆಳಿಗ್ಗೆ ಜೋಹಾನ್ಸ್‌ಬರ್ಗ್‌ನ ಬೀದಿಯಲ್ಲಿ ವಕೀಲ ಮೋಹನದಾಸ ಗಾಂಧಿ ನೋಂದಣಿ ಕಚೇರಿಯತ್ತ ಹೊರಟಿದ್ದರು. ಆರಡಿ ಎತ್ತರದ ಪಠಾಣ ಮೀರ್ ಆಲಂ ಹತ್ತಿರ ಬಂದು, ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಅವನು ಅಪರಿಚಿತನೇನಲ್ಲ. ಹುಲ್ಲಿನ ಹಾಸಿಗೆ ಮಾಡಿಸಿ ಮಾರುತ್ತಿದ್ದವನು, ಗಾಂಧಿಯವರ ಕಕ್ಷಿದಾರ. ಹತ್ತು ಬೆರಳಿನ ಗುರುತು ಕೊಟ್ಟು ನೋಂದಣಿ ಪತ್ರ ಪಡೆಯಲು ಹೋಗುತ್ತಿದ್ದೇನೆ ಎಂಬ ಉತ್ತರ ಮುಗಿಯುವ ಮುಂಚೆಯೇ ಹಿಂದಿನಿಂದ ತಲೆಗೆ ದೊಣ್ಣೆಯ ಏಟು ಬಿತ್ತು. ಗಾಂಧಿ ಪ್ರಜ್ಞೆ ತಪ್ಪಿ ನೆಲಕ್ಕೆ ಉರುಳಿದರು. ಉರುಳಿದ ಮೇಲೂ ಏಟುಗಳು ನಿಲ್ಲಲಿಲ್ಲ.

ಮೀರ್ ಆಲಂನ ಸಿಟ್ಟಿಗೆ ಕಾರಣವಿತ್ತು. ಜೋಹಾನ್ಸ್‌ಬರ್ಗ್ ಸೇರಿದ್ದ ಟ್ರಾನ್ಸ್‌ವಾಲ್‌ನಲ್ಲಿ ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕಾನೂನನ್ನು ಭಾರತೀಯರು ಕರಾಳ ಕಾಯ್ದೆ ಎಂದು ಕರೆದು, ಜೈಲಿಗೆ ಹೋಗಿ ವಿರೋಧಿಸಿದ್ದರು. ಹತ್ತು ಬೆರಳಿನ ಗುರುತನ್ನು ಅಪರಾಧಿಗಳಿಂದ ಪಡೆಯುತ್ತಾರೆ, ಅದು ಮಾನವಂತರು ಕೊಡುವಂಥದ್ದಲ್ಲ ಎಂದು ಜನರಿಗೆ ತಿಳಿಸಿಕೊಟ್ಟವರೇ ಗಾಂಧಿ. ಈಗ ಅವರೇ ಅಲ್ಲಿನ ಸರ್ಕಾರದ ಜನರಲ್ ಸ್ಮಟ್ಸ್ ಜೊತೆ ರಾಜಿ ಮಾಡಿಕೊಂಡು, ನಾವಾಗಿಯೇ ಗುರುತು ಕೊಡೋಣ, ಸರ್ಕಾರ ಕಾಯ್ದೆಯನ್ನು ಹಿಂದಕ್ಕೆ ಪಡೆಯುತ್ತದೆ ಎನ್ನತೊಡಗಿದ್ದರು. 15,000 ಪೌಂಡಿಗೆ ಸಮುದಾಯವನ್ನು ಮಾರಿಬಿಟ್ಟರು ಎಂಬ ಪುಕಾರೂ ಹಬ್ಬಿತ್ತು. ನಂಬಿದವರು ಕೈಬಿಟ್ಟರು ಎಂಬ ನೋವು ದೊಣ್ಣೆಯಾಗಿ ಎದ್ದಿತ್ತು.

ಎಚ್ಚರವಾದ ಮೇಲೆ ಗಾಂಧಿ ಕೇಳಿದ್ದು ಮೀರ್ ಆಲಂ ಎಲ್ಲಿದ್ದಾನೆ ಎಂದು. ಅವನನ್ನೂ ಜೊತೆಗಾರರನ್ನೂ ಪೊಲೀಸರು ಹಿಡಿದಿದ್ದರು. ತಾವು ಮಾಡಿದ್ದು ಸರಿಯೆಂದೇ ಅವರು ನಂಬಿದ್ದರು, ಬಿಟ್ಟುಬಿಡಿ ಎಂದು ಗಾಂಧಿ ಅಟಾರ್ನಿ ಜನರಲ್‌ಗೆ ತಂತಿ ಕಳಿಸಿದರು. ಅವರನ್ನು ಬಿಟ್ಟರು ಕೂಡ. ಆದರೆ ಊರಿನ ಐರೋಪ್ಯರು ಒಪ್ಪಲಿಲ್ಲ. ಗಾಂಧಿಯವರ ಅಭಿಪ್ರಾಯ ಏನೇ ಇರಲಿ, ನಡುಬೀದಿಯಲ್ಲಿ ನಡೆದ ಹಲ್ಲೆ ಸಾರ್ವಜನಿಕ ಅಪರಾಧ ಎಂದು ಪತ್ರ ಬರೆದರು. ಮೀರ್ ಆಲಂನನ್ನು ಮತ್ತೆ ಹಿಡಿದು ಮೂರು ತಿಂಗಳ ಕಠಿಣ ಶಿಕ್ಷೆ ವಿಧಿಸಲಾಯಿತು.

ಏಟು ತಿಂದವರು ಮನ್ನಿಸಿದ್ದರು. ಏಟು ತಿನ್ನದವರು ಮನ್ನಿಸಲಿಲ್ಲ. ಕಾನೂನಿನ ಕಣ್ಣಿನಲ್ಲಿ ಐರೋಪ್ಯರ ವಾದ ತಪ್ಪಲ್ಲ. ಹಲ್ಲೆಗೆ ಶಿಕ್ಷೆ ಆಗಬೇಕೋ ಬೇಡವೋ ಎಂಬುದು ಗಾಯಗೊಂಡವರೊಬ್ಬರ ಇಷ್ಟಕ್ಕೆ ಬಿಡುವ ಸಂಗತಿಯಲ್ಲ. ಆದರೂ ಆ ದಿನ ಎದ್ದ ಪ್ರಶ್ನೆ ಇಂದಿಗೂ ಕೂತಿಲ್ಲ: ನೋವು ಯಾರದು? ಅದನ್ನು ಮನ್ನಿಸುವ ಹಕ್ಕು ಯಾರದು? ಭಾವನೆಗೆ ಧಕ್ಕೆಯಾಯಿತು ಎಂಬ ದೂರು ದಿನ ಬೆಳಗಾದರೆ ಕೇಳಿಬರುವ ಈ ಹೊತ್ತಿನಲ್ಲಿ, ಯಾರು ಏನು ಅಂದರು ಎಂಬುದರ ಬಗ್ಗೆ ಬಹಳ ಚರ್ಚೆಯಾಗುತ್ತದೆ. ಯಾರಿಗೆ ನೋವಾಯಿತು ಎಂಬುದರ ಬಗ್ಗೆ ಅಷ್ಟು ಆಗುವುದಿಲ್ಲ. ಇಂಥವರಿಗೆ ನೋವಾಯಿತು ಎಂದು ಮುಖ ತೋರಿಸಿ ಹೇಳಲಾಗದ ಕಡೆ ಮನ್ನಿಸುವವರೂ ಇರುವುದಿಲ್ಲ. ಮನ್ನಿಸುವವರಿಲ್ಲದ ತಪ್ಪು ಎಂದೂ ತೀರುವುದಿಲ್ಲ.

ಇದನ್ನು ಕನ್ನಡ ಬಹಳ ಹಿಂದೆಯೇ ತನ್ನ ಆಡುಮಾತಿನಲ್ಲಿ ಕಂಡುಕೊಂಡಿದೆ. ಒಬ್ಬರು ಆಡಿದ ಮಾತು ಇನ್ನೊಬ್ಬರಿಗೆ ಚುಚ್ಚಿದರೆ, ಚುಚ್ಚಿಸಿಕೊಂಡವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಹಚ್ಚಿಕೊಳ್ಳಬೇಕಾದರೆ ಒಂದು ಮನಸ್ಸು ಇರಬೇಕು. ಆಡಿದವರಿಗೆ ತಪ್ಪಿನ ಅರಿವಾದರೆ, 'ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ' ಎನ್ನುತ್ತಾರೆ. ಮಕ್ಕಳ ತಪ್ಪನ್ನು ತಾಯಿ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ, ಶಿಷ್ಯನದನ್ನು ಗುರು ಹಾಕಿಕೊಳ್ಳುತ್ತಾನೆ. ಕೇಳಿಸಿಕೊಂಡವರ ಮನಸ್ಸು ಇಳಿದರೆ, 'ಹೋಗ್ಲಿ ಬಿಡಿ' ಎಂಬ ಎರಡು ಮಾತು. ಅಲ್ಲಿಗೆ ಮುಗಿಯಿತು. ಮುನಿಸು ಎಂಬ ಪದದಲ್ಲೇ ಹತ್ತಿರದವರ ಸಂಬಂಧ ಅಡಗಿದೆ. ಗುರುತು ಪರಿಚಯ ಇಲ್ಲದವರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಈ ಮಾತುಗಳಲ್ಲೆಲ್ಲ ಇಬ್ಬರು ಎದುರುಬದುರು ನಿಂತಿರುತ್ತಾರೆ. 'ಭಾವನೆಗಳಿಗೆ ಧಕ್ಕೆ' ಎಂಬ ನುಡಿಗಟ್ಟು ಈ ಅಂಗಳದ್ದಲ್ಲ. ಯಾವ ಅಜ್ಜಿಯೂ ಸೊಸೆಯ ಮೇಲೆ ಬೇಜಾರಾದಾಗ ತನ್ನ ಭಾವನೆಗೆ ಧಕ್ಕೆಯಾಯಿತು ಎಂದವಳಲ್ಲ. ಅದು ಪೊಲೀಸ್ ಠಾಣೆಯ ದೂರಿನಿಂದ, ಪತ್ರಿಕೆಯ ತಲೆಬರಹದಿಂದ ಬಂದ ಮಾತು. ಅದರ ಹಿಂದೆ ಒಂದು ಕಾನೂನಿನ ಚರಿತ್ರೆಯಿದೆ.

1860ರ ಭಾರತೀಯ ದಂಡ ಸಂಹಿತೆಯಲ್ಲಿ 298 ಎಂಬ ಸೆಕ್ಷನ್ ಇತ್ತು. ಒಬ್ಬ ವ್ಯಕ್ತಿಯ ಧಾರ್ಮಿಕ ಭಾವನೆಯನ್ನು ನೋಯಿಸಲೇಬೇಕೆಂಬ ಉದ್ದೇಶದಿಂದ, ಆ ವ್ಯಕ್ತಿಯ ಕಿವಿಗೆ ಬೀಳುವಂತೆ ಮಾತಾಡುವುದು ಅಥವಾ ಕಣ್ಣಿಗೆ ಕಾಣುವಂತೆ ಸನ್ನೆ ಮಾಡುವುದು ಅಪರಾಧ ಎಂದು ಅದು ಹೇಳುತ್ತಿತ್ತು. ನೋಯಿಸಿದವರು ಒಬ್ಬರು, ನೊಂದವರು ಒಬ್ಬರು, ಇಬ್ಬರ ನಡುವೆ ಕೂಗಳತೆ ದೂರ. ಈ ಅಪರಾಧವನ್ನು ರಾಜಿಯಲ್ಲಿ ಮುಗಿಸಬಹುದು ಎಂದು ದಂಡ ಪ್ರಕ್ರಿಯೆಯ ಕಾನೂನು ಒಪ್ಪಿತ್ತು. ರಾಜಿಗೆ ಒಪ್ಪುವ ಅಧಿಕಾರ ಯಾರ ಭಾವನೆಯನ್ನು ನೋಯಿಸಲು ಹೊರಟಿದ್ದರೋ ಆ ವ್ಯಕ್ತಿಯದು. ಅಂದರೆ 'ಹೋಗ್ಲಿ ಬಿಡಿ' ಎನ್ನುವ ಹಕ್ಕನ್ನು ಕಾನೂನೇ ನೊಂದವರ ಕೈಗೆ ಕೊಟ್ಟಿತ್ತು.

1927ರಲ್ಲಿ ಚಿತ್ರ ಬದಲಾಯಿತು. ಲಾಹೋರಿನ ಪ್ರಕಾಶಕ ರಾಜ್‌ಪಾಲ್, ಪ್ರವಾದಿ ಮಹಮ್ಮದರ ಖಾಸಗಿ ಬದುಕನ್ನು ಹೀಯಾಳಿಸುವ 'ರಂಗೀಲಾ ರಸೂಲ್' ಎಂಬ ಕಿರುಹೊತ್ತಗೆಯನ್ನು ಹೊರತಂದಿದ್ದರು. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದನ್ನು ತಡೆಯುವ ಸೆಕ್ಷನ್ ಇದಕ್ಕೆ ಅನ್ವಯಿಸುವುದಿಲ್ಲ ಎಂದು ಲಾಹೋರ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಗದ್ದಲವೆದ್ದಿತು. ಅದೇ ವರ್ಷ ಸರ್ಕಾರ 295ಎ ಎಂಬ ಹೊಸ ಸೆಕ್ಷನ್ ತಂದಿತು. ಯಾವುದೇ 'ವರ್ಗ'ದ ಧಾರ್ಮಿಕ ಭಾವನೆಯನ್ನು ಕೆರಳಿಸಲು ಬೇಕೆಂದೇ, ದುರುದ್ದೇಶದಿಂದ ಅದರ ಧರ್ಮವನ್ನು ಅವಮಾನಿಸುವುದು ಈಗ ಅಪರಾಧವಾಯಿತು. ಚರಿತ್ರೆ ಬರೆಯುವವರಿಗೆ, ಧರ್ಮವನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರಿಗೆ ಇದರಿಂದ ತೊಂದರೆಯಾಗಬಾರದು ಎಂದು ಮಹಮ್ಮದ್ ಅಲಿ ಜಿನ್ನಾ ಶಾಸನಸಭೆಯಲ್ಲಿ ಎಚ್ಚರಿಸಿದ್ದರು. ಕಾನೂನು ಬಂದಿತೆಂದು ಸಿಟ್ಟು ತಣಿಯಲಿಲ್ಲ. 1929ರ ಏಪ್ರಿಲ್‌ನಲ್ಲಿ ಇಲ್ಮುದ್ದೀನ್ ಎಂಬ ಯುವಕ ರಾಜ್‌ಪಾಲ್ ಅವರನ್ನು ಇರಿದು ಕೊಂದ. ಅದೇ ಅಕ್ಟೋಬರ್‌ನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

298 ಮತ್ತು 295ಎ ನಡುವಿನ ಅಂತರ ವಕೀಲರಿಗಷ್ಟೇ ಸೇರಿದ್ದಲ್ಲ. ಮೊದಲನೆಯದರಲ್ಲಿ ನೊಂದವರಿಗೆ ಒಂದು ಹೆಸರಿದೆ, ಎರಡನೆಯದರಲ್ಲಿ ನೊಂದಿರುವುದು ಒಂದು ವರ್ಗ. ಮೊದಲನೆಯದರಲ್ಲಿ ರಾಜಿ ಸಾಧ್ಯ, ಎರಡನೆಯದು ರಾಜಿಗೆ ಬಾರದ ಅಪರಾಧ. ಅದಕ್ಕೆ ಕಾರಣವೂ ಇದೆ: ಊರಿನ ಶಾಂತಿ ಕದಡಿದಾಗ ಒಬ್ಬಿಬ್ಬರ ಒಪ್ಪಿಗೆಯಿಂದ ಮೊಕದ್ದಮೆ ಕೈಬಿಡುವುದು ಸರಿಯಲ್ಲ ಎಂಬ ಯೋಚನೆ. ಆದರೆ ಇದರ ಅಡ್ಡಪರಿಣಾಮವನ್ನು ಗಮನಿಸಬೇಕು. ವರ್ಗದ ಹೆಸರಿನಲ್ಲಿ ಯಾರು ಬೇಕಾದರೂ ನೋಯಬಹುದು, ಯಾರೂ ಮನ್ನಿಸಲಾಗದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೆರಡೂ 302 ಮತ್ತು 299 ಎಂಬ ಹೊಸ ಸಂಖ್ಯೆ ಹೊತ್ತು ಮುಂದುವರಿದಿವೆ. ಅಂತರವೂ ಹಾಗೆಯೇ ಉಳಿದಿದೆ.

ಸುಪ್ರೀಂ ಕೋರ್ಟ್ 1957ರಲ್ಲೇ, ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ, 295ಎಯನ್ನು ಎತ್ತಿಹಿಡಿಯುವಾಗ ಅದರ ಸುತ್ತ ಬೇಲಿಯನ್ನೂ ಹಾಕಿತು. ಎಲ್ಲ ಅವಮಾನವೂ ಇದರೊಳಗೆ ಬರುವುದಿಲ್ಲ, ಬೇಕೆಂದೇ ದುರುದ್ದೇಶದಿಂದ ಮಾಡಿದ್ದು ಮಾತ್ರ ಬರುತ್ತದೆ ಎಂದಿತು. ಆ ಬೇಲಿಯನ್ನು ದಾಟಿ ದೂರುಗಳು ಬರುತ್ತಲೇ ಇವೆ. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯನ್ನು ವಿಷ್ಣುವಿನ ರೂಪದಲ್ಲಿ ತೋರಿಸಿದ 2013ರ ಪತ್ರಿಕಾ ಮುಖಪುಟಕ್ಕಾಗಿ ಬೆಂಗಳೂರಿನಲ್ಲೂ ಆಂಧ್ರದಲ್ಲೂ ಮೊಕದ್ದಮೆ ಹೂಡಲಾಯಿತು. ಚಿತ್ರ ಬರೆದದ್ದು ಧೋನಿಯಲ್ಲ, ಯಾರನ್ನೂ ನೋಯಿಸುವ ಉದ್ದೇಶವೂ ಕಾಣುವುದಿಲ್ಲ. ಅದನ್ನು ಹೇಳಿ ಆ ಮೊಕದ್ದಮೆಗಳನ್ನು ರದ್ದುಪಡಿಸಲು ಸುಪ್ರೀಂ ಕೋರ್ಟಿಗೆ 2016 ಮತ್ತು 2017 ಬರಬೇಕಾಯಿತು. ಅಷ್ಟರವರೆಗೆ ಕೋರ್ಟಿಗೆ ಅಲೆಯುವುದೇ ಶಿಕ್ಷೆ.

ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರ 'ಮಾದೊರುಬಾಗನ್' 2010ರಲ್ಲಿ ಪ್ರಕಟವಾಯಿತು. ಮಕ್ಕಳಿಲ್ಲದ ದಂಪತಿಯ ಸಂಕಟವನ್ನು ತಿರುಚೆಂಗೋಡಿನ ಅರ್ಧನಾರೀಶ್ವರ ದೇವಾಲಯದ ಜಾತ್ರೆಯ ಹಿನ್ನೆಲೆಯಲ್ಲಿ ಹೇಳುವ ಕೃತಿ. ನಾಲ್ಕು ವರ್ಷ ಯಾರಿಗೂ ನೋವಾಗಲಿಲ್ಲ. ಇಂಗ್ಲಿಷ್ ಅನುವಾದ ಬಂದ ಮೇಲೆ, 2014ರ ಡಿಸೆಂಬರ್‌ನಲ್ಲಿ ಪ್ರತಿಭಟನೆ ಶುರುವಾಯಿತು. ಪುಸ್ತಕ ಸುಟ್ಟರು, ಬಂದ್ ಮಾಡಿದರು. 2015ರ ಜನವರಿ 12ರಂದು ನಾಮಕ್ಕಲ್ ಜಿಲ್ಲಾಡಳಿತ ಕರೆದ ಶಾಂತಿಸಭೆಯಲ್ಲಿ ಮುರುಗನ್ ಬೇಷರತ್ ಕ್ಷಮೆ ಕೇಳಿದರು, ಮಾರಾಟವಾಗದ ಪ್ರತಿಗಳನ್ನು ಹಿಂದಕ್ಕೆ ತರಿಸಲು ಒಪ್ಪಿದರು. ಆ ಬೆನ್ನಿಗೇ, ತಮ್ಮೊಳಗಿನ ಬರಹಗಾರ ಸತ್ತ ಎಂದು ಸಾರಿ ಮೌನವಾದರು.

ಆ ಸಭೆಯಲ್ಲಿ ಕ್ಷಮೆ ಕೇಳಿದವರಿದ್ದರು. ಕ್ಷಮಿಸಿದವರು ಯಾರು? ಒಂದು ಜಾತಿ, ಒಂದು ಊರು, ಹಲವು ಸಂಘಟನೆಗಳ ಪ್ರತಿನಿಧಿಗಳು ಅಲ್ಲಿ ಕೂತಿದ್ದರು. ಪ್ರತಿನಿಧಿಗೆ ಬೇಡಿಕೆ ಇಡುವ ಅಧಿಕಾರ ಇರುತ್ತದೆ, ಬೇಡಿಕೆ ಈಡೇರಿತು ಎಂದು ರುಜು ಹಾಕುವ ಅಧಿಕಾರ ಇರುತ್ತದೆ. 'ಹೋಗ್ಲಿ ಬಿಡಿ' ಎನ್ನುವ ಅಧಿಕಾರ ಅವನಿಗೆ ಯಾರೂ ಕೊಟ್ಟಿರುವುದಿಲ್ಲ. ಅವನು ಮೃದುವಾದರೆ ಅವನ ಜಾಗಕ್ಕೆ ಇನ್ನಷ್ಟು ಗಡುಸಾದವನು ಬರುತ್ತಾನೆ. ಹಾಗಾಗಿ ಗುಂಪಿನ ಮುಂದೆ ಕೇಳಿದ ಕ್ಷಮೆ ಶರಣಾಗತಿಯಾಗುತ್ತದೆಯೇ ಹೊರತು ಸಮಾಧಾನವಾಗುವುದಿಲ್ಲ. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಆ ಶಾಂತಿಸಭೆಯ ಒಪ್ಪಂದಕ್ಕೆ ಬೆಲೆಯಿಲ್ಲ ಎಂದು ತೀರ್ಪು ಕೊಟ್ಟ ಮೇಲಷ್ಟೇ ಮುರುಗನ್ ಮತ್ತೆ ಬರಹಕ್ಕೆ ಮರಳಿದರು.

ಕನ್ನಡಕ್ಕೂ ಈ ದಾರಿ ಹೊಸದಲ್ಲ. ಚನ್ನಬಸವಣ್ಣನವರ ಹುಟ್ಟಿನ ಬಗ್ಗೆ ಸಂಶೋಧಕ ಎಂ.ಎಂ. ಕಲಬುರ್ಗಿ 'ಮಾರ್ಗ' ಸಂಪುಟದಲ್ಲಿ ಬರೆದ ಮಾತುಗಳನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಬಸವಣ್ಣನವರ ವಚನಗಳ ಅಂಕಿತವನ್ನು ಕೂಡಲಸಂಗಮದೇವ ಎಂಬುದರಿಂದ ಲಿಂಗದೇವ ಎಂದು ಬದಲಿಸಿದ ಮಾತೆ ಮಹಾದೇವಿಯವರ 'ಬಸವ ವಚನ ದೀಪ್ತಿ'ಯ ಮೇಲೆ 1998ರಲ್ಲಿ ಬಿದ್ದ ಮುಟ್ಟುಗೋಲನ್ನೂ 2017ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಮೂರರಲ್ಲೂ ನೋವು ಹನ್ನೆರಡನೆಯ ಶತಮಾನದ ಶರಣರ ಹೆಸರಿನಲ್ಲಿ ಬಂದದ್ದು. ಅಂಕಿತ ಬದಲಿಸುವುದು ತಪ್ಪು ಎಂದು ವಾದಿಸಲು ವಿದ್ವಾಂಸರಿಗೆ ಬಲವಾದ ಆಧಾರಗಳಿವೆ. ತಪ್ಪನ್ನು ತಪ್ಪೆಂದು ತೋರಿಸಲು ಇನ್ನೊಂದು ಪುಸ್ತಕ ಸಾಕಿತ್ತು. ನೋವಿನ ಭಾಷೆಗೆ ತಿರುಗಿದ ಕೂಡಲೇ ಅದು ವಾದಕ್ಕೆ ಸಿಗದಂತಾಯಿತು. ಚನ್ನಬಸವಣ್ಣನವರು ಎದ್ದು ಬಂದು ಆಗಲಿ ಬಿಡಿ ಎನ್ನುವಂತಿಲ್ಲ.

ಆ ಶರಣರೇ ತಮ್ಮ ಕಾಲದ ಸಂಪ್ರದಾಯಸ್ಥರನ್ನು ಎಷ್ಟು ನೋಯಿಸಿದ್ದರು! ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದ್ದು ಕಲ್ಯಾಣದ ಕಟ್ಟಾ ವರ್ಣಾಶ್ರಮಿಗಳ ಪಾಲಿಗೆ ಧರ್ಮಕ್ಕೆ ಬಿದ್ದ ಪೆಟ್ಟು. ಆ ನೋವಿಗೆ ಬೆಲೆಯಾಗಿ ಹರಳಯ್ಯ, ಮಧುವರಸರು ಪ್ರಾಣ ತೆತ್ತರೆಂದು ಶರಣ ಪರಂಪರೆ ನೆನೆಯುತ್ತದೆ. ಅಂದು ನೊಂದವರ ಭಾವನೆ ಸುಳ್ಳಾಗಿತ್ತು ಎನ್ನಲಾಗದು, ನಿಜವಾಗಿಯೇ ನೊಂದಿರಬಹುದು. ಭಾವನೆ ನಿಜವಾದ ಮಾತ್ರಕ್ಕೆ ಅದರ ಬೇಡಿಕೆ ನ್ಯಾಯವಾಗುವುದಿಲ್ಲ ಎಂಬುದನ್ನು ಕಲ್ಯಾಣಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಕನ್ನಡಿಗರಿಗೆ ಬೇರೆ ಬೇಕಿಲ್ಲ.

295ಎ ಹುಟ್ಟಿದ 1927ರಲ್ಲೇ, ಮಾರ್ಚ್ 20ರಂದು, ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಆ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ಪುರಸಭೆ ಅದಕ್ಕೂ ಮುಂಚೆಯೇ ಠರಾವು ಮಾಡಿತ್ತು. ಊರಿನ ಸವರ್ಣೀಯರಿಗೆ ನೋವಾಯಿತು. ಸಭೆಗೆ ಬಂದಿದ್ದವರನ್ನು ಹೊಡೆದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಕೊಡಗಳನ್ನು ಸುರಿದು ಕೆರೆಯನ್ನು ಶುದ್ಧ ಮಾಡಿದರು. ದನ ಎಮ್ಮೆಗಳು ಕುಡಿಯುತ್ತಿದ್ದ ನೀರು ಅದು. ತೊಂಬತ್ತೈದು ವರ್ಷಗಳಾದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದ. ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಲಾಯಿತು. ಅಲ್ಲಿಯೂ ಕೇಳಿಬಂದದ್ದು ಮೈಲಿಗೆಯ ಮಾತು, ಮನಸ್ಸಿಗಾದ ನೋವಿನ ಮಾತು. ಕೂಲಿ ಮಾಡಿ ಬದುಕುವ ಮನೆಯ ಮೇಲೆ ಬಿದ್ದ ದಂಡದ ಭಾರ ಆ ನೋವಿನ ಲೆಕ್ಕದಲ್ಲಿ ಬರಲೇ ಇಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಒಬ್ಬರಿಗೆ ಇಷ್ಟವಾಗದ್ದನ್ನು ಕಂಡಾಗ, ಕೇಳಿದಾಗ ಆಗುವುದು ಬೇಸರ. ಒಬ್ಬರನ್ನು ಮನುಷ್ಯರ ಸಾಲಿನಿಂದ ಕೆಳಕ್ಕೆ ಇಳಿಸುವುದು ಅವಮಾನ. 1973ರ ನವೆಂಬರ್‌ನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಎಂಬ ಅರ್ಥದ ಮಾತಾಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆದೇಶ ಹೊರಡಿಸಿದ ಸಚಿವರು ಅವರು. ಸಾಹಿತ್ಯಾಭಿಮಾನಿಗಳಿಗೆ ಬೇಸರವಾದದ್ದು ಸಹಜವೇ. ಆದರೆ ಬೇಸರ ಬೀದಿಗಿಳಿದು, ಹಾಸ್ಟೆಲುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಕೈಮಾಡಿತು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಬೂಸಾ ಎಂಬ ಮಾತಿನಿಂದ ಪಂಪನಿಗಾಗಲಿ ಕುಮಾರವ್ಯಾಸನಿಗಾಗಲಿ ಒಬ್ಬ ಓದುಗನೂ ಕಡಿಮೆಯಾಗಲಿಲ್ಲ. ಏಟು ತಿಂದ ಹುಡುಗರು ಮಾತ್ರ ತಾವು ಯಾರು ಎಂಬುದನ್ನು ಅಂದು ತಿಳಿದುಕೊಂಡರು. ಕರ್ನಾಟಕದ ದಲಿತ ಚಳವಳಿ ಬಲಗೊಂಡದ್ದು ಆ ಗಾಯದಿಂದ.

ಹಾಗಾದರೆ ಸಮುದಾಯಕ್ಕೆ ನೋವಾಗುವುದೇ ಇಲ್ಲವೇ ಎಂದು ಕೇಳಬಹುದು. ಜಾತಿ ಹಿಡಿದು ಬೈದಾಗ ಬೈಸಿಕೊಂಡವನು ಒಬ್ಬನೇ ಆದರೂ, ಆ ಜಾತಿಯಲ್ಲಿ ಹುಟ್ಟಿದ ಪ್ರತಿಯೊಬ್ಬರ ಎದೆಗೂ ಅದು ನಾಟುತ್ತದೆ. ಇದು ಗಟ್ಟಿಯಾದ ಆಕ್ಷೇಪ. 1989ರ ದೌರ್ಜನ್ಯ ತಡೆ ಕಾಯ್ದೆ ಇದಕ್ಕೆ ಕೊಟ್ಟಿರುವ ಉತ್ತರ ಗಮನಾರ್ಹ. ಪರಿಶಿಷ್ಟ ಜಾತಿ ಅಥವಾ ಪಂಗಡದ ವ್ಯಕ್ತಿಯೊಬ್ಬರನ್ನು ಹೀನಾಯಗೊಳಿಸುವ ಉದ್ದೇಶದಿಂದ, ಸಾರ್ವಜನಿಕರ ಕಣ್ಣೆದುರು ಅವಮಾನಿಸಿದರೆ ಅದು ಅಪರಾಧ. ನೊಂದವರಿಗೆ ಮುಖವಿದೆ, ಅವಮಾನಕ್ಕೆ ಸ್ಥಳವಿದೆ, ಕಂಡವರಿದ್ದಾರೆ. ಇನ್ನು ಇಂಥವರ ಅಂಗಡಿಗೆ ಹೋಗಬೇಡಿ, ಇಂಥವರಿಗೆ ಮನೆ ಬಾಡಿಗೆ ಕೊಡಬೇಡಿ, ಇಂಥವರನ್ನು ಊರಿಂದ ಓಡಿಸಿ ಎಂಬ ಕರೆಗಳನ್ನು ತಡೆಯಲು ಭಾವನೆಯ ಮಾತೇ ಬೇಕಿಲ್ಲ. ಭಾವನೆಯನ್ನು ಲೆಕ್ಕದಿಂದ ತೆಗೆದ ಮೇಲೂ ಅಲ್ಲಿ ಹಾನಿ ಉಳಿಯುತ್ತದೆ: ಮುಚ್ಚಿದ ಅಂಗಡಿ, ಸಿಗದ ಮನೆ, ಮುರಿದ ಕೈಕಾಲು. ಕಾನೂನು ಅಳೆಯಬೇಕಾದದ್ದು ಅದನ್ನು. ಭಾವನೆಯನ್ನು ತೆಗೆದ ಕೂಡಲೇ ದೂರಿನಲ್ಲಿ ಏನೂ ಉಳಿಯದಿದ್ದರೆ, ಅದು ವಾದಕ್ಕೆ, ಜಗಳಕ್ಕೆ, ಮುನಿಸಿಗೆ ಸೇರಿದ್ದು. ಪೊಲೀಸರಿಗೆ ಸೇರಿದ್ದಲ್ಲ.

ಕ್ಷಮೆ ಕೇಳುವವರ ಮಾತಿನಲ್ಲೂ ಮುಖ ತಪ್ಪಿಸುವುದುಂಟು. ರಾಜಕಾರಣಿಗಳು, ಸಿನಿಮಾದವರು ದಿನವೂ ಆಡುವ ಮಾತು ಇದು: 'ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.' ಯಾರಿಗಾದರೂ ಎಂದ ಕೂಡಲೇ ನೊಂದವರು ಮರೆಯಾದರು. ಆಗಿದ್ದರೆ ಎಂದ ಕೂಡಲೇ ನೋವು ಅನುಮಾನಕ್ಕೆ ಬಿತ್ತು. ವಿಷಾದ ಎಂದ ಕೂಡಲೇ ತಪ್ಪು ಮಾಯವಾಯಿತು. ಮಳೆ ಬಾರದ್ದಕ್ಕೂ ವಿಷಾದಿಸಬಹುದು. 2019ರ ಏಪ್ರಿಲ್‌ನಲ್ಲಿ, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬುವ ಹೊತ್ತಿಗೆ ಬ್ರಿಟಿಷ್ ಪ್ರಧಾನಿ ತೆರೇಸಾ ಮೇ ಪಾರ್ಲಿಮೆಂಟಿನಲ್ಲಿ ಆಳವಾದ ವಿಷಾದ ಸೂಚಿಸಿ ಅಲ್ಲಿಗೇ ನಿಂತರು. ಅದಕ್ಕೆ ಮೂರು ವರ್ಷ ಮೊದಲು, 2016ರ ಮೇ 18ರಂದು, ಕೆನಡಾದ ಪ್ರಧಾನಿ ಜಸ್ಟಿನ್ ಟ್ರುಡೋ ಕೋಮಗಾತಮಾರು ಹಡಗಿನ ವಿಷಯದಲ್ಲಿ ನೇರವಾಗಿ ಕ್ಷಮೆ ಕೇಳಿದ್ದರು. 1914ರಲ್ಲಿ 376 ಜನರನ್ನು ಹೊತ್ತು ವ್ಯಾಂಕೂವರ್‌ಗೆ ಬಂದ ಆ ಹಡಗನ್ನು ಎರಡು ತಿಂಗಳು ದಡಕ್ಕೆ ಬಿಡದೆ ಹಿಂದಕ್ಕೆ ಅಟ್ಟಿದ್ದು ಕೆನಡಾ ಸರ್ಕಾರ. ಕಲ್ಕತ್ತೆಯ ಬಳಿ ಬಜ್‌ಬಜ್‌ನಲ್ಲಿ ಇಳಿದಾಗ ಪೊಲೀಸರ ಗುಂಡಿಗೆ ಹಲವರು ಸತ್ತರು. ಸರ್ಕಾರ ಎಂಬುದು ಜನ ಬದಲಾದರೂ ಮುಂದುವರಿಯುವ ಸಂಸ್ಥೆ. ಹಳಬರ ಸಾಲದಂತೆ ಹಳಬರ ತಪ್ಪಿನ ಹೊಣೆಯೂ ಅದರ ತಲೆಯ ಮೇಲೆ ಬರುತ್ತದೆ. ಹೊಣೆ ಹೀಗೆ ತಲೆಮಾರು ದಾಟಿ ಬಂದರೂ ಮನ್ನಿಸುವ ಹಕ್ಕು ಹಾಗೆ ಬರುವುದಿಲ್ಲ. ಸತ್ತವರ ಪರವಾಗಿ ಮೊಮ್ಮಕ್ಕಳು ಕ್ಷಮೆಯನ್ನು ಕೇಳಿಸಿಕೊಳ್ಳಬಹುದು, ತಮ್ಮ ಪಾಲಿನ ನೋವನ್ನು ಇಳಿಸಿಕೊಳ್ಳಬಹುದು. ಹಡಗಿನಲ್ಲಿ ಹಸಿದು ಕೂತವರ ಪರವಾಗಿ 'ಹೋಗ್ಲಿ ಬಿಡಿ' ಎನ್ನುವುದು ಅವರ ಕೈಯಲ್ಲೂ ಇಲ್ಲ.

ದಕ್ಷಿಣ ಆಫ್ರಿಕಾ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ವರ್ಣಭೇದದ ಆಡಳಿತ ಕೊನೆಗೊಂಡಾಗ, ರಾಜಕೀಯ ಉದ್ದೇಶದಿಂದ ಮಾಡಿದ ಹಿಂಸೆಯನ್ನು ಪೂರ್ತಿಯಾಗಿ ಬಿಚ್ಚಿ ಹೇಳಿದವರಿಗೆ ಕ್ಷಮಾದಾನ ಕೊಡುವ ಕಾನೂನು 1995ರಲ್ಲಿ ಬಂದಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಆಯೋಗದ ಮುಂದೆ ಕೊಲೆಗಾರರು ಬಂದು ಹೇಳಿದರು, ತಾಯಂದಿರು ಕೇಳಿದರು. ಜಗತ್ತು ಅದನ್ನು ಮೆಚ್ಚಿತು. ಆದರೆ ಪೊಲೀಸರ ವಶದಲ್ಲಿ ಸತ್ತ ಸ್ಟೀವ್ ಬಿಕೊ ಅವರ ಮನೆಯವರೂ, ಹತ್ಯೆಯಾದ ವಕೀಲ ಗ್ರಿಫಿತ್ಸ್ ಮ್ಕ್ಸೆಂಗೆ ಅವರ ಮನೆಯವರೂ ಕೋರ್ಟಿಗೆ ಹೋದರು. ನಮ್ಮ ನೋವನ್ನು ಸರ್ಕಾರ ಹೇಗೆ ಮನ್ನಿಸುತ್ತದೆ ಎಂಬುದು ಅವರ ವಾದದ ತಿರುಳು. 1996ರಲ್ಲಿ ಸಂವಿಧಾನ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು; ಸತ್ಯ ಹೊರಬರಲು, ದೇಶ ರಕ್ತಪಾತವಿಲ್ಲದೆ ದಾಟಲು ಅದು ಕೊಡಬೇಕಾದ ಬೆಲೆ ಎಂದಿತು. ದೇಶದ ಅಗತ್ಯ ಅದಾಗಿತ್ತು ಎಂದು ಒಪ್ಪಬಹುದು. ಸರ್ಕಾರ ಅಂದು ಕೈಬಿಟ್ಟದ್ದು ಶಿಕ್ಷೆಯನ್ನು. ಮನ್ನಿಸುವುದು ಬಿಡುವುದು ಬಿಕೊ ಅವರ ಮನೆಯವರ ಬಳಿಯೇ ಉಳಿಯಿತು.

ಮನ್ನಿಸುವ ಹಕ್ಕು ಎಂದರೆ ಮನ್ನಿಸದಿರುವ ಹಕ್ಕೂ ಹೌದು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ 'ಹೊಟ್ಟೆಗೆ ಹಾಕ್ಕೋ' ಎಂಬ ಬುದ್ಧಿವಾದ ನಮ್ಮಲ್ಲಿ ಯಾವಾಗಲೂ ಕೆಲವರಿಗೇ ಮೀಸಲು. ಹೊಡೆಸಿಕೊಂಡು ತವರಿಗೆ ಬಂದ ಮಗಳಿಗೆ ಹೇಳುತ್ತಾರೆ, ಹೊಡೆದ ಅಳಿಯನಿಗೆ ಹೇಳುವುದಿಲ್ಲ. ಪಂಚಾಯಿತಿ ಕಟ್ಟೆಯಲ್ಲಿ ರಾಜಿಗೆ ಒಪ್ಪು ಎಂದು ಒತ್ತಾಯಿಸುವುದು ಕೇರಿಯವರನ್ನೇ. ಹೀಗೆ ಒತ್ತಿ ತೆಗೆದ ಕ್ಷಮೆ ನೋವನ್ನು ಇಮ್ಮಡಿ ಮಾಡುತ್ತದೆ. ಕೆಲವು ಅಪರಾಧಗಳನ್ನು ಕಾನೂನು ರಾಜಿಯಿಂದ ಹೊರಗೆ ಇಟ್ಟಿರುವುದು ದುರ್ಬಲರನ್ನು ಈ ಒತ್ತಡದಿಂದ ಕಾಯಲಿಕ್ಕೂ ಹೌದು.

ಹಾಗೆ ಯಾರ ಒತ್ತಾಯವೂ ಇಲ್ಲದೆ ಬಂದ ಕ್ಷಮೆಯ ರೂಪ ಬೇರೆ. ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಅವರನ್ನೂ, 10 ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳನ್ನೂ 1999ರ ಜನವರಿಯ ರಾತ್ರಿ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದಾಗ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು, ಉಳಿದ ಮಗಳೊಂದಿಗೆ ಐದು ವರ್ಷ ಅಲ್ಲೇ ಇದ್ದು ಕುಷ್ಠರೋಗಿಗಳ ಆರೈಕೆ ಮುಂದುವರಿಸಿದರು. ಕಾನೂನಿನ ಕ್ರಮ ಬೇರೆ, ತಮ್ಮ ಕ್ಷಮೆ ಬೇರೆ ಎಂಬುದು ಅವರಿಗೆ ಸ್ಪಷ್ಟವಿತ್ತು. ಅಪರಾಧಿಗೆ ವಿಧಿಸಿದ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗ್ಲಾಡಿಸ್ ಕ್ಷಮಿಸದಿದ್ದರೆ ಯಾರೂ ಅವರನ್ನು ಸಣ್ಣವರೆಂದು ಭಾವಿಸುವಂತಿರಲಿಲ್ಲ. ಇನ್ನಾರೋ ಅವರ ಪರವಾಗಿ ಕ್ಷಮಿಸಿದ್ದೇವೆ ಎಂದಿದ್ದರೆ ಅದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಜೈನರ ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯದು. ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯಂದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರ ಮುಂದೆ ಒಬ್ಬರು ಕೈಮುಗಿದು ಕ್ಷಮೆ ಕೇಳುತ್ತಾರೆ, ತಾವೂ ಕ್ಷಮಿಸುತ್ತಾರೆ. ಆ ಆಚರಣೆಯ ಜೀವಾಳ ಎದುರಿಗೆ ನಿಲ್ಲುವುದರಲ್ಲಿದೆ. ಕನ್ನಡಿಗರು ಬಲ್ಲ ಬಾಹುಬಲಿಯ ಕಥೆಯ ಒಳಗೂ ಇದೇ ಇದೆ. ಅಣ್ಣ ಭರತನನ್ನು ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸದೆ ಇಳಿಸಿದ, ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಂತ. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ಮನಸ್ಸಿನೊಳಗಿನ ಮುಳ್ಳು ಹೋಗಲಿಲ್ಲ. ಭರತ ಬಂದು ಅವನ ಕಾಲಿಗೆ ಬಾಗಿದ ಮೇಲೆಯೇ ಕೇವಲಜ್ಞಾನ ಉಂಟಾಯಿತು. ಅಷ್ಟು ದೊಡ್ಡ ತ್ಯಾಗಿಗೂ ನೋವು ಕೊಟ್ಟವನೂ ನೋವು ಪಡೆದವನೂ ಒಂದು ಕಡೆ ಸೇರುವವರೆಗೆ ಬಿಡುಗಡೆಯಿರಲಿಲ್ಲ.

ಜೋಹಾನ್ಸ್‌ಬರ್ಗ್‌ನ ಕಥೆಗೂ ಅಂಥ ಒಂದು ದಿನ ಬಂದಿತು. ಸ್ಮಟ್ಸ್ ಕರಾಳ ಕಾಯ್ದೆಯನ್ನು ರದ್ದು ಮಾಡಲಿಲ್ಲ. ಮೀರ್ ಆಲಂ ಅನುಮಾನ ಪಟ್ಟದ್ದು ಅಷ್ಟರ ಮಟ್ಟಿಗೆ ನಿಜವೇ ಆಯಿತು. 1908ರ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಬಯಲಿನಲ್ಲಿ ಭಾರತೀಯರು ಸೇರಿದರು. ದೊಡ್ಡ ಕಬ್ಬಿಣದ ಕಡಾಯಿಯೊಳಗೆ 2,000ಕ್ಕೂ ಹೆಚ್ಚು ನೋಂದಣಿ ಪತ್ರಗಳು ಬಿದ್ದವು, ಮೇಲೆ ಸೀಮೆಎಣ್ಣೆ ಸುರಿದರು. ಜೈಲಿನಿಂದ ಬಿಡುಗಡೆಯಾಗಿದ್ದ ಮೀರ್ ಆಲಂ ಆ ಸಭೆಯಲ್ಲಿ ಎದ್ದು ನಿಂತ. ನೋಂದಣಿಯ ವಿಷಯದಲ್ಲಿ ತಾನೇ ಸರಿ ಎಂದು ಹೇಳಿಕೊಳ್ಳಲು ಅವನಿಗೆ ಆಗ ಎಲ್ಲ ಅವಕಾಶವೂ ಇತ್ತು. ಅವನು ಹೇಳಿದ್ದು, ಗಾಂಧಿಯವರನ್ನು ಹೊಡೆದದ್ದು ತನ್ನ ತಪ್ಪು ಎಂದು. ಗಾಂಧಿ ಅವನ ಕೈ ಹಿಡಿದು ಒತ್ತಿದರು, ತಮ್ಮ ಮನಸ್ಸಿನಲ್ಲಿ ಎಂದೂ ಸಿಟ್ಟಿರಲಿಲ್ಲ ಎಂದರು. ಹೊಸ ಪತ್ರವನ್ನು ಮೀರ್ ಆಲಂ ಪಡೆದೇ ಇರಲಿಲ್ಲ. ತನ್ನ ಬಳಿಯಿದ್ದ ಹಳೆಯ ಪತ್ರವನ್ನೇ ತೆಗೆದು, ಉಳಿದವುಗಳ ಜೊತೆ ಸುಡಲು ಕೊಟ್ಟ.